ಹೂವಿಗೂ ಒಂದು ಮುಹೂರ್ತ

ಮಾಘ ಮಾಸ ಕಾಲಿಟ್ಟಿತೆಂದರೆ ಮುಂಬಯಿಯ ಗೋರೆಗಾಂವಿನ ಕನ್ನಡ ಮನೆಗಳಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಓಡಾಟ ಶುರುವಾಗುತ್ತದೆ. ವೈಶಾಖ ಮುಗಿಯುವವರೆಗೂ ಅದು ನಿಲ್ಲುವುದಿಲ್ಲ. ಹಾಲ್ ಗೊತ್ತು ಮಾಡುವುದು, ಅಡುಗೆಯವರನ್ನು ಒಪ್ಪಿಸುವುದು, ಸೀರೆ ಚಿನ್ನದ ಖರೀದಿ, ಕರೆಯೋಲೆ ಹಂಚುವುದು, ಇವೆಲ್ಲ ತಿಂಗಳುಗಟ್ಟಲೆ ಮೊದಲೇ ನಡೆಯುತ್ತವೆ. ಹೂವಿನ ಮಾತು ಬರುವುದು ಕೊನೆಗೆ. ಬಂದಾಗಲೂ ಡೆಕೊರೇಟರಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ಹೀಗೇ ಬೇಕು ಎಂದು ಹೇಳಿದರೆ ಮುಗಿಯಿತು. ಆ ಚಿತ್ರ ಯಾವ ದೇಶದ್ದು, ಯಾವ ತಿಂಗಳಲ್ಲಿ ತೆಗೆದದ್ದು, ಅದರಲ್ಲಿರುವ ಹೂವು ನಮ್ಮ ಮುಹೂರ್ತದ ಹೊತ್ತಿಗೆ ಈ ಊರಿನ ಸೆಕೆಯಲ್ಲಿ ಹೇಗಿರುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಇಂದಿನ ಮಾತಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ: ಹೂವನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಹೊತ್ತು; ಬಣ್ಣ, ಆಕಾರ, ಬೆಲೆ ಎಲ್ಲವೂ ಆಮೇಲೆ. ಯಾವ ತಿಂಗಳಲ್ಲಿ ಅರಳುತ್ತದೆ, ದಿನದ ಯಾವ ವೇಳೆಯಲ್ಲಿ ಬಿರಿಯುತ್ತದೆ, ಗಿಡದಿಂದ ಮಂಟಪಕ್ಕೆ ಬರಲು ಎಷ್ಟು ತಾಸು ಹಿಡಿಯುತ್ತದೆ ಎಂಬ ಈ ಮೂರು ಲೆಕ್ಕ ಸರಿಯಾದರೆ ಅಲಂಕಾರದ ಅರ್ಧ ಕೆಲಸ ತಾನಾಗಿ ಆಗುತ್ತದೆ. ಲೆಕ್ಕ ತಪ್ಪಿದರೆ ಎಷ್ಟು ಹಣ ಸುರಿದರೂ ಧಾರೆಯ ಹೊತ್ತಿಗೆ ಮಂಟಪ ಬಾಡಿ ನಿಲ್ಲುತ್ತದೆ.

ವಸಂತವೆಂದರೆ ಹೂವಿನ ಕಾಲ ಎಂಬುದು ಕನ್ನಡಿಗರಿಗೆ ಹೊಸ ಮಾತಲ್ಲ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪ, ಬನವಾಸಿಯನ್ನು ನೆನಪಿಗೆ ತರುವ ಸಂಗತಿಗಳಲ್ಲಿ ತೆಂಕಣ ಗಾಳಿಯ ಜೊತೆಗೆ ಬಿರಿದ ಮಲ್ಲಿಗೆಯನ್ನೂ ವಸಂತೋತ್ಸವವನ್ನೂ ಹೆಸರಿಸಿದ್ದಾನೆ. ಬನವಾಸಿಯಿಂದ ಬಹು ದೂರದ ಗೋರೆಗಾಂವಿನಲ್ಲೂ ವಸಂತ ಬರುತ್ತದೆ. ಪಂಚಾಂಗಕ್ಕಿಂತ ತುಸು ಮುಂಚೆಯೇ ಬರುತ್ತದೆ. ಫೆಬ್ರವರಿಯಲ್ಲಿ ಆರೇ ಕಾಲನಿಯ ಬೂರುಗದ ಮರಗಳು ಎಲೆ ಕಳಚಿ ಕೆಂಪು ಹೂ ತಳೆಯುತ್ತವೆ. ಅದರ ಬೆನ್ನಿಗೆ ಬೊರಿವಿಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಮುತ್ತುಗ, ಹಾಲುವಾಣ. ಮಾರ್ಚ್ ಬಂದರೆ ವಿಕ್ರೋಲಿಯ ಬಳಿ ಹೆದ್ದಾರಿಯ ಬದಿಯಲ್ಲಿ ಟಬೆಬುಯಾ ಮರಗಳು ನಸುಗೆಂಪಾಗುತ್ತವೆ. ಏಪ್ರಿಲಿನಲ್ಲಿ ಹೊಂಗೆ, ಬೇವು, ಕಕ್ಕೆ. ಅದರ ಹಿಂದೆಯೇ ಮಹಾರಾಷ್ಟ್ರದ ರಾಜ್ಯಪುಷ್ಪವಾದ ತಾಮಣ, ಅಂದರೆ ನಮ್ಮ ಹೊಳೆದಾಸವಾಳ. ಮೇ ತಿಂಗಳಿಗೆ ಗುಲ್‌ಮೊಹರ್. ಕಾಂಕ್ರೀಟಿನ ಊರು ಎಂದು ಹೇಳಿಸಿಕೊಳ್ಳುವ ಮುಂಬಯಿಯಲ್ಲಿ ನಾಲ್ಕು ತಿಂಗಳು ಹೂವಿನ ಮೆರವಣಿಗೆ ನಿಲ್ಲುವುದಿಲ್ಲ.

ಆದರೆ ಋತುವಿನ ಹೂವೆಂದ ಮಾತ್ರಕ್ಕೆ ಎಲ್ಲವನ್ನೂ ಮನೆಗೆ ತರಬೇಕೆಂದಲ್ಲ. ಬೂರುಗದ ಹೂವಿನ ಜೇನು ಮೈನಾ, ಪಿಕಳಾರಗಳಿಗೆ ಆಹಾರ. ಮುತ್ತುಗದ ಹೂ ಕಿತ್ತರೆ ಬೇಗ ಸೊರಗುತ್ತದೆ. ನೆಲಕ್ಕೆ ಬಿದ್ದದ್ದನ್ನು ಆಯ್ದು ನೀರಲ್ಲಿ ನೆನೆಸಿದರೆ ಹೋಳಿಗೆ ಒಳ್ಳೆಯ ಕಿತ್ತಳೆ ಬಣ್ಣ ಸಿಗುತ್ತದೆ, ಅಷ್ಟು ಸಾಕು. ಕಕ್ಕೆಯ ಗೊಂಚಲು ಮುಟ್ಟಿದರೆ ಎಸಳು ಉದುರಿಸುತ್ತದೆ. ಮರದಲ್ಲಿದ್ದರೆ ವಾರಗಟ್ಟಲೆ ಊರಿಗೆಲ್ಲ ಕಾಣುವ ಹೂವನ್ನು ಒಂದು ತಾಸಿನ ಅಲಂಕಾರಕ್ಕೆ ಕಡಿದು ತರುವುದು ಯಾವ ಲೆಕ್ಕದಲ್ಲೂ ಲಾಭವಲ್ಲ. ನಗರದ ಮರಗಳನ್ನು ಕಾಯಲೆಂದೇ ಮಹಾರಾಷ್ಟ್ರದಲ್ಲಿ 1975ರ ಕಾಯ್ದೆಯೂ ಇದೆ. ಮನೆಗೆ ಬರಬೇಕಾದ ಹೂಗಳು ಬೇರೆ. ಅವು ಬೆಳೆಗಾರರು ಕೊಯ್ಲಿಗೆಂದೇ ಬೆಳೆಸಿದವು, ಇಲ್ಲವೇ ರೆಂಜೆಯಂತೆ ತಾವಾಗಿ ನೆಲಕ್ಕೆ ಬೀಳುವವು. ರೆಂಜೆ, ಅಂದರೆ ಬಕುಳ, ಮುಂಬಯಿಯ ರಸ್ತೆ ಬದಿಯಲ್ಲೂ ಉದ್ಯಾನಗಳಲ್ಲೂ ಸಾಕಷ್ಟಿದೆ. ಬೆಳಗಿನ ಜಾವ ಉದುರಿದ ಹೂವನ್ನು ಆಯ್ದು ಪೋಣಿಸಿದರೆ ಮರಕ್ಕೆ ನೋವಿಲ್ಲ, ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ.

ಈಗ ಮಾರುಕಟ್ಟೆಯ ಕಡೆ ನೋಡೋಣ. ಗೋರೆಗಾಂವಿನ ಹೂವಿನ ದಾರಿ ವಿಚಿತ್ರವಾಗಿದೆ. ವಸಾಯಿ, ವಿರಾರ್, ಪಾಲ್ಘರ್ ಕಡೆಯ ಬೆಳೆಗಾರರು ಮೊಗ್ರಾ ಎಂಬ ಮಲ್ಲಿಗೆ, ಸಂಪಿಗೆ ಮುಂತಾದವನ್ನು ನಸುಕಿನ ಲೋಕಲ್ ಗಾಡಿಗಳಲ್ಲಿ ದಾದರಿಗೆ ಒಯ್ಯುತ್ತಾರೆ. ಆ ಗಾಡಿಗಳು ಗೋರೆಗಾಂವನ್ನು ದಾಟಿಕೊಂಡೇ ಹೋಗುತ್ತವೆ. ದಾದರ್ ಪಶ್ಚಿಮದ ಹೂವಿನ ಮಾರುಕಟ್ಟೆಯಲ್ಲಿ ಬೆಳಕು ಹರಿಯುವ ಮುಂಚೆಯೇ ವ್ಯಾಪಾರ ಆರಂಭ. ಗೋರೆಗಾಂವಿನ ಸ್ಟೇಷನ್ ಬಳಿ ಕೂತು ಮಾರುವವರು ಅಲ್ಲಿಂದ ಕೊಂಡು, ಹದಿನೇಳು ಹದಿನೆಂಟು ಕಿಲೋಮೀಟರ್ ಹಿಂದಿರುಗಿ ಬಂದು ಗಜರೆ ಕಟ್ಟುತ್ತಾರೆ. ಮಾಟುಂಗದ ಹೂವಿನಂಗಡಿಗಳಲ್ಲಿ ದಕ್ಷಿಣದ ಪದ್ಧತಿಯ ಮದುವೆಯ ಹಾರ, ಜಡೆಯ ಅಲಂಕಾರ ಸಿಗುತ್ತವೆ. ಇದರ ಜೊತೆಗೆ ನಮ್ಮವರ ಪಾಲಿಗೆ ಮೂರನೆಯ ದಾರಿಯೊಂದಿದೆ. ಅದು ಕಟಪಾಡಿಯ ಬಳಿಯ ಶಂಕರಪುರದಿಂದ ಬರುವ ಉಡುಪಿ ಮಲ್ಲಿಗೆಯ ದಾರಿ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳಂತೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬಾಳೆನಾರಿನಲ್ಲಿ ಕಟ್ಟಿದ ಈ ಹೂವನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದು ಬಸ್ಸು ರೈಲುಗಳಲ್ಲಿ ಸುಮಾರು 900 ಕಿಲೋಮೀಟರ್ ದಾಟಿ ಇಲ್ಲಿಗೆ ಬರುತ್ತದೆ. ತುಳುನಾಡಿನ ಮನೆಯ ಮದುಮಗಳಿಗೆ ಮುಂಬಯಿಯಲ್ಲೂ ಅದೇ ಹೂ ಬೇಕು ಎಂಬ ಹಂಬಲ ಸಹಜವಾದದ್ದು, ಗೌರವಕ್ಕೆ ಯೋಗ್ಯವಾದದ್ದು.

ಆದರೆ ಮಲ್ಲಿಗೆಗೆ ತನ್ನದೇ ಗಡಿಯಾರವಿದೆ. ಬೆಳಿಗ್ಗೆ ಕೊಯ್ದ ಬಲಿತ ಮೊಗ್ಗು ಅದೇ ದಿನ ಸಂಜೆಗೆ ಬಿರಿಯುತ್ತದೆ. ಮೊಗ್ಗಿನಲ್ಲಿ ಪರಿಮಳ ಬಹಳ ಕಡಿಮೆ. ಎಸಳು ಬಿಚ್ಚಿದಾಗ ಅದು ಹೊಮ್ಮುತ್ತದೆ, ರಾತ್ರಿಯೆಲ್ಲ ಇರುತ್ತದೆ, ಮರುದಿನ ಬೆಳಗಿನ ಬಿಸಿಲೇರುವಾಗ ಎಸಳಿನ ಅಂಚು ಕಂದತೊಡಗುತ್ತದೆ. ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಮದುವೆಯ ದಿನವನ್ನು ನೋಡಿ. ಮುಹೂರ್ತ ಹನ್ನೊಂದು ಗಂಟೆಗೆ ಇದ್ದರೆ, ಹಿಂದಿನ ದಿನ ಊರಲ್ಲಿ ಕೊಯ್ದು ರಾತ್ರಿಯೆಲ್ಲ ಪ್ರಯಾಣ ಮಾಡಿದ ಹೂ ತನ್ನ ಒಳ್ಳೆಯ ಹೊತ್ತನ್ನು ಬಸ್ಸಿನಲ್ಲೇ ಕಳೆದಿರುತ್ತದೆ. ಪಾಲ್ಘರ್ ಜಿಲ್ಲೆಯಲ್ಲಿ ಅಂದೇ ನಸುಕಿನಲ್ಲಿ ಕೊಯ್ದ ಮೊಗ್ರಾ ಇನ್ನೂ ಮೊಗ್ಗಾಗಿರುತ್ತದೆ. ಹಾಗಾದರೆ ಬೆಳಗಿನ ಧಾರೆಗೆ ಬಿಗಿಯಾಗಿ ಕಟ್ಟಿದ ಮೊಗ್ಗಿನ ಜಡೆ, ಮೊಗ್ಗಿನ ದಂಡೆ ಒಪ್ಪುತ್ತವೆ. ಅದೇ ಮೊಗ್ಗು ಸಂಜೆಯ ಆರತಕ್ಷತೆಯ ಹೊತ್ತಿಗೆ ಅರಳಿ ಸಭೆಯನ್ನೆಲ್ಲ ತುಂಬುತ್ತದೆ. ಹಳೆಯ ಮೈಸೂರಿನವರು ಮದುಮಗಳಿಗೆ ಮೊಗ್ಗಿನ ಜಡೆ ಹೆಣೆಯುತ್ತ ಬಂದದ್ದರಲ್ಲಿ ಚೆಲುವಿನಷ್ಟೇ ಹೂವಿನ ನಡತೆಯ ಅರಿವೂ ಇದೆ. ಉಡುಪಿ ಮಲ್ಲಿಗೆ ಬೇಡವೆಂದು ನಾನು ಹೇಳುವುದಿಲ್ಲ. ಅದನ್ನು ವಧುವಿನ ಮುಡಿಗೂ ದೇವರ ಮುಂದಿಡುವ ಕಲಶಕ್ಕೂ ಒಂದೆರಡು ಅಟ್ಟೆ ತರಿಸಿ, ಬಾಳೆಲೆಯಲ್ಲಿ ಸುತ್ತಿ ತಂಪಾಗಿಡಿ. ಮಂಟಪಕ್ಕೂ ಬಂದವರ ಕೈಗೂ ಬೇಕಾದ ರಾಶಿ ಹೂ ಹತ್ತಿರದ್ದಾಗಿರಲಿ.

ಹೀಗೆ ಒಂದೊಂದು ಹೂವಿಗೂ ಅದರದೇ ಹೊತ್ತು, ಅದರದೇ ಜಾಗ ಗೊತ್ತುಮಾಡುವುದೇ ಅಲಂಕಾರದ ಕಲೆ. ಊಟದ ಎಲೆಯಲ್ಲಿ ಉಪ್ಪಿಗೆ, ಕೋಸಂಬರಿಗೆ, ಪಾಯಸಕ್ಕೆ ಇಂಥದೇ ಸ್ಥಳ ಇರುವಂತೆ ಮದುವೆಯ ಹಾಲ್‌ನಲ್ಲೂ ಹೂವಿಗೆ ಸ್ಥಳವಿದೆ. ಬಾಗಿಲಿಗೆ ಬಿಸಿಲು, ಗಾಳಿ, ಜನರ ತಾಕಾಟ ಹೆಚ್ಚು. ಅಲ್ಲಿಗೆ ಮಾವಿನೆಲೆಯ ತೋರಣದ ನಡುವೆ ಚೆಂಡುಹೂವೇ ಸರಿ, ಅದು ದಿನವಿಡೀ ತಡೆಯುತ್ತದೆ. ಮಂಟಪದ ಕಂಬಗಳಿಗೆ ಬಾಳೆ, ತೆಂಗಿನ ಎಳೆಗರಿ, ಅಡಿಕೆಯ ಹಿಂಗಾರ. ಹಿಂಗಾರದ ಹಾಳೆ ಬಿಡಿಸಿದಾಗಿನ ಕೆನೆಬಣ್ಣಕ್ಕೂ ನವಿರಾದ ಪರಿಮಳಕ್ಕೂ ಸಾಟಿಯಾಗುವ ಹೂವನ್ನು ಯಾವ ದೇಶದಿಂದಲೂ ತರಿಸಬೇಕಾಗಿಲ್ಲ. ಮುಡಿಗೆ ಮಲ್ಲಿಗೆಯ ಜೊತೆ ಅಬ್ಬಲಿಗೆ. ಅಬ್ಬಲಿಗೆಗೆ ಪರಿಮಳವಿಲ್ಲ, ಆದರೆ ಬಣ್ಣ ಬೇಗ ಕುಂದುವುದಿಲ್ಲ. ನಡುನಡುವೆ ಮರುಗ, ದವನ. ದವನ ಫೆಬ್ರವರಿ, ಮಾರ್ಚಿನಲ್ಲಿ ಕೊಯ್ಲಿಗೆ ಬರುವ ಬೆಳೆ. ಚೈತ್ರದ ಹುಣ್ಣಿಮೆಯನ್ನು ನಮ್ಮವರು ದವನದ ಹುಣ್ಣಿಮೆ ಎಂದೇ ಕರೆಯುತ್ತಾರೆ. ಈ ಎರಡು ತಿಂಗಳ ಮತ್ತೊಂದು ಸೊತ್ತು ಸುರಗಿ. ಕರಾವಳಿಯ ನಮ್ಮ ಊರುಗಳಲ್ಲೂ ವೆಂಗುರ್ಲೆಯ ಕಡೆಯ ಕೊಂಕಣದಲ್ಲೂ ನಸುಕಿನಲ್ಲೇ ಮೊಗ್ಗು ಕಿತ್ತು ಸರ ಕಟ್ಟುತ್ತಾರೆ. ಒಣಗಿದರೂ ವಾಸನೆ ಉಳಿಯುವ ಇಂಥ ಹೂ ದೂರದಿಂದ ಬಂದರೂ ನಷ್ಟವಿಲ್ಲ. ಸಂಜೆಯ ಕೂಟಕ್ಕೆ ಸುಗಂಧರಾಜ ಇರಲಿ. ಅದರ ಪರಿಮಳ ಕತ್ತಲಾದ ಮೇಲೆಯೇ ಹೆಚ್ಚುವುದು. ಚಳಿಗಾಲದ ಸೇವಂತಿಗೆಯನ್ನು ಚೈತ್ರದಲ್ಲಿ ಹಟ ಹಿಡಿದು ಕೇಳುವುದು ಬೇಡ. ಇರುಳು ದೀರ್ಘವಾದಾಗ ಅರಳುವ ಗಿಡ ಅದು. ಹಗಲು ಬೆಳೆಯುತ್ತ ಹೋದಂತೆ ಸಹಜವಾದ ಫಸಲು ಇಳಿಯುತ್ತದೆ.

ಜೋಡಿಸುವ ರೀತಿಯಲ್ಲೂ ಇದೇ ವಿವೇಕ ಬೇಕು. ನಮ್ಮ ವಸಂತದ ಮುಖ್ಯ ಹೂಗಳೆಲ್ಲ ಚಿಕ್ಕವು, ದಂಟು ಗಿಡ್ಡವಾದವು, ಬೇಗ ಅರಳಿ ಬೇಗ ಮುಗಿಯುವವು. ಅದಕ್ಕಾಗಿಯೇ ನಮ್ಮ ಹಿರಿಯರು ಅವನ್ನು ಕಟ್ಟಿದರು, ಪೋಣಿಸಿದರು, ಹೆಣೆದರು. ಮೊಳ ಮಾರುಗಳಲ್ಲಿ ಅಳೆದರು. ಉದ್ದ ದಂಟಿನ ಹೂವನ್ನು ಹೂದಾನಿಯಲ್ಲಿ ನಿಲ್ಲಿಸುವ ಪದ್ಧತಿ ಬೇರೆ ಬಗೆಯ ಹೂವಿಗಾಗಿ ಬೆಳೆದದ್ದು. ಆ ಪದ್ಧತಿಯ ಬೆನ್ನಿಗೆ ಬಂದದ್ದು ಹಸಿರು ಫೋಮಿನ ಇಟ್ಟಿಗೆ. 1954ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಈ ವಸ್ತು ಫೀನಾಲ್ ಮತ್ತು ಫಾರ್ಮಾಲ್ಡಿಹೈಡಿನಿಂದ ಮಾಡಿದ ಪ್ಲಾಸ್ಟಿಕ್. ನೀರು ಹೀರಿಕೊಂಡು ದಂಟನ್ನು ಹಿಡಿಯುತ್ತದೆ ನಿಜ, ಆದರೆ ಕೊಳೆಯುವುದಿಲ್ಲ. ಪುಡಿಯಾಗಿ ಮಣ್ಣಿಗೂ ನೀರಿಗೂ ಸೇರುತ್ತದೆ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ಅದನ್ನು ಬೆಳೆಸಿದ ದೇಶಗಳೇ ಕೈಬಿಡುತ್ತಿರುವಾಗ ನಾವು ಹಿಡಿದುಕೊಳ್ಳುವುದೇಕೆ? ದಂಟಿನ ಹೂ ನಿಲ್ಲಿಸಲೇಬೇಕಾದಾಗ ಬಾಳೆದಿಂಡಿನ ತುಂಡು ಸಾಕು. ಅದರಲ್ಲೇ ನೀರಿನಂಶವಿದೆ, ದಂಟು ಚುಚ್ಚಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ಗೊಬ್ಬರವಾಗುತ್ತದೆ. ಮದುವೆಗೆ ಬಾಳೆಕಂಬ ಹೇಗೂ ಬಂದಿರುತ್ತದೆ. ಒದ್ದೆ ಮರಳು ತುಂಬಿದ ಹಿತ್ತಾಳೆಯ ಬಿಂದಿಗೆಯೂ ಆಗಬಹುದು.

ಇಲ್ಲಿ ತಿಳಿದವರೊಬ್ಬರು ಎದ್ದು ಕೇಳಬಹುದಾದ ಪ್ರಶ್ನೆ ಇದೆ. ನಮ್ಮದು ನಮ್ಮದು ಎನ್ನುತ್ತೀರಿ, ಚೆಂಡುಹೂವೂ ಸುಗಂಧರಾಜವೂ ಮೆಕ್ಸಿಕೊದಿಂದ ಬಂದವಲ್ಲವೇ? ದೇವಗಣಗಿಲೆಯ ಮೂಲ ಅಮೆರಿಕ ಖಂಡವಲ್ಲವೇ? ಟಬೆಬುಯಾ, ಗುಲ್‌ಮೊಹರ್‌ಗಳೂ ಹೊರಗಿನವೇ ಅಲ್ಲವೇ? ಪ್ರಶ್ನೆ ಸರಿಯಾಗಿದೆ, ಉತ್ತರವೂ ಅದರಲ್ಲೇ ಇದೆ. ಹೂವಿನ ಹುಟ್ಟೂರು ಯಾವುದೆಂಬುದರ ಮೇಲೆ ನನ್ನ ವಾದ ನಿಂತಿಲ್ಲ. ಚೆಂಡುಹೂ ಎಲ್ಲಿಂದಲೇ ಬಂದಿರಲಿ, ನಮ್ಮ ಮಣ್ಣಿಗೆ, ನಮ್ಮ ಬಿಸಿಲಿಗೆ ಹೊಂದಿಕೊಂಡು, ನಮ್ಮ ರೈತರ ಹೊಲದಲ್ಲಿ ಬೆಳೆದು, ಕೊಯ್ದ ದಿನವೇ ನಮ್ಮ ಬಾಗಿಲಿಗೆ ಬರುತ್ತದೆ. ಟುಲಿಪ್ಪಿನ ಮಾತು ಹಾಗಲ್ಲ. ಅದರ ಗೆಡ್ಡೆಗೆ ಹೂ ಬಿಡುವ ಮುನ್ನ ಮೂರು ತಿಂಗಳಿಗೂ ಮೀರಿದ ಚಳಿ ಬೇಕು. ಶ್ರೀನಗರದ ಟುಲಿಪ್ ತೋಟದಲ್ಲಿ ಮಾರ್ಚ್ ಕೊನೆಯಿಂದ ಏಪ್ರಿಲಿನವರೆಗೆ ಅದು ಅರಳುವುದು ಅಲ್ಲಿನ ಹಿಮಗಾಲದ ಫಲ. ಅಲ್ಲಿಗೆ ಹೋಗಿ ನೋಡಿದರೆ ಕಣ್ಣು ತಣಿಯುತ್ತದೆ. ಅದೇ ಹೂವನ್ನು ಮಾರ್ಚಿನಲ್ಲೇ ಒಮ್ಮೊಮ್ಮೆ 40 ಡಿಗ್ರಿ ಮುಟ್ಟುವ ಮುಂಬಯಿಗೆ ತಂದರೆ ಬರ್ಫದ ಪೆಟ್ಟಿಗೆಯಿಂದ ತೆಗೆದ ಕೆಲವೇ ತಾಸಿನಲ್ಲಿ ದಂಟು ಬಾಗುತ್ತದೆ. ಋತುವನ್ನು ಗೌರವಿಸುವುದೆಂದರೆ ಹೂವು ಇಲ್ಲಿ, ಈಗ, ತಾನಾಗಿ ಬದುಕಬಲ್ಲದೇ ಎಂದು ಕೇಳುವುದು.

ಎರಡನೆಯ ಆಕ್ಷೇಪ ಬಾಳಿಕೆಯದು, ಫೋಟೋದ್ದು. ಮಲ್ಲಿಗೆ ಒಂದು ರಾತ್ರಿ ಇದ್ದೀತು, ಥಾಯ್ಲೆಂಡಿನ ಆರ್ಕಿಡ್ ವಾರ ದಾಟಿಯೂ ಇರುತ್ತದೆ. ಫೋಟೋ ವಿಡಿಯೋಗಳ ಕಾಲದಲ್ಲಿ ಬಣ್ಣ ಹೊಂದುವ ಹೂವೇ ಬೇಕಲ್ಲವೇ ಎನ್ನುವವರಿದ್ದಾರೆ. ಬಾಳಿಕೆ ಬೇಕಾದ ಕಡೆ ಆರ್ಕಿಡ್ ಇಡುವುದರಲ್ಲಿ ತಪ್ಪಿಲ್ಲ. ಗೋರೆಗಾಂವ್ ಪೂರ್ವದ ನೆಸ್ಕೊ ಪ್ರದರ್ಶನ ಕೇಂದ್ರದಲ್ಲಿ ನಾಲ್ಕು ದಿನ ನಡೆಯುವ ಪ್ರದರ್ಶನದ ಮಳಿಗೆಗೆ ಅದು ತಕ್ಕದ್ದೇ. ಆದರೆ ಮದುವೆಯ ಮಂಟಪಕ್ಕೆ ಬೇಕಾಗಿರುವುದು ಒಂದು ಹಗಲಿನ ಬಾಳಿಕೆ. ಅಷ್ಟು ಹೊತ್ತಿಗೆ ನಮ್ಮ ಹೂ ಧಾರಾಳವಾಗಿ ಸಾಲುತ್ತದೆ. ಬಣ್ಣದ ವಿಷಯದಲ್ಲೂ ಅಷ್ಟೇ. ಬಿಳಿ, ಹಳದಿ, ಹಸಿರು, ನಡುವೆ ಅಬ್ಬಲಿಗೆಯ ಕೇಸರಿ, ಇಷ್ಟಿದ್ದರೆ ಯಾವ ಬಣ್ಣದ ಧಾರೆ ಸೀರೆಗೂ ಹಿನ್ನೆಲೆ ಹೊಂದುತ್ತದೆ. ಪರಿಮಳ ಫೋಟೋದಲ್ಲಿ ಬರುವುದಿಲ್ಲ, ನಿಜ. ಆದರೆ ಮದುವೆಗೆ ಬಂದ ನೂರಾರು ಮಂದಿ ಆ ದಿನವನ್ನು ಉಸಿರಾಡಿ ಹೋಗುತ್ತಾರೆ. ಅವರಿಗಾಗಿ ತಾನೇ ಕರೆಯೋಲೆ ಕಳಿಸಿದ್ದು? ಇನ್ನು ಬಾಡದ ಹೂವೇ ಬೇಕೆಂದು ಪ್ಲಾಸ್ಟಿಕ್ಕಿನ ಗೋಡೆ ಕಟ್ಟಿಸುವುದನ್ನು ನಾನು ಒಪ್ಪಲಾರೆ. 2025ರ ಜುಲೈಯಲ್ಲಿ ಮಹಾರಾಷ್ಟ್ರದ ವಿಧಾನಮಂಡಲದಲ್ಲಿ ಪ್ಲಾಸ್ಟಿಕ್ ಹೂಗಳಿಂದ ಬೆಳೆಗಾರರಿಗಾಗುವ ನಷ್ಟದ ಪ್ರಸ್ತಾಪ ಬಂದು, ನಿಷೇಧದ ಭರವಸೆಯೂ ಹೊರಬಿತ್ತು. ಕಾಯ್ದೆಯನ್ನು ಕಾಯದೆ ನಮ್ಮ ಮನೆಯ ಮದುವೆಯಲ್ಲಿ ನಾವೇ ಅದನ್ನು ನಿಲ್ಲಿಸಬಹುದು.

ಮೂರನೆಯದು ಖರ್ಚಿನ ಮಾತು. ಚಳಿಯಲ್ಲಿ ಮೊಗ್ಗು ಕಡಿಮೆ, ಮದುವೆಯ ದಿನಗಳಲ್ಲಿ ಬೇಡಿಕೆ ಹೆಚ್ಚು; ಮಾಘದಲ್ಲಿ ಮಲ್ಲಿಗೆಯ ಬೆಲೆ ಗಗನಕ್ಕೇರುತ್ತದೆ. ಬಡ ಮಧ್ಯಮ ವರ್ಗದವರು ಏನು ಮಾಡಬೇಕು? ಇದಕ್ಕೂ ಉತ್ತರ ಋತುವಿನಲ್ಲೇ ಇದೆ. ಬಿಸಿಲು ಬಲಿತಂತೆ ಮಲ್ಲಿಗೆಯ ಫಸಲು ಏರುತ್ತದೆ. ಚೈತ್ರ ವೈಶಾಖದ ಮದುವೆಗೆ ಧಾರಾಳವಾಗಿ ಬಳಸಬಹುದಾದ ಹೂವನ್ನು ಮಾಘದ ಮದುವೆಯಲ್ಲಿ ಮುಡಿಗಷ್ಟೇ ಇರಿಸಿಕೊಂಡು, ಆಗ ಸಮೃದ್ಧವಾಗಿರುವ ಸೇವಂತಿಗೆಯನ್ನು ಮಂಟಪಕ್ಕೆ ಬಳಸಿದರೆ ಹೊರೆ ಇಳಿಯುತ್ತದೆ. ಇನ್ನೊಂದು ಉಪಾಯ ಹಸಿರಿನದು. ಹಿನ್ನೆಲೆಯ ಗೋಡೆಯನ್ನೆಲ್ಲ ಹೂವಿನಿಂದ ಮುಚ್ಚುವ ಅಗತ್ಯವಿಲ್ಲ. ಎಲೆ, ಗರಿ, ಬಾಳೆಗಳಿಂದ ತುಂಬಿಸಿ, ಕಣ್ಣೂ ಮೂಗೂ ತಲುಪುವ ಕಡೆ ಮಾತ್ರ ಹೂ ಇಡಿ. ಡೆಕೊರೇಟರಿಗೆ ಹೂವಿನ ಹೆಸರು ಹಿಡಿದು ಹಟ ಮಾಡಬೇಡಿ. ಬಿಳಿಯದೊಂದು, ಹಳದಿಯದೊಂದು, ಪರಿಮಳದ್ದೊಂದು ಇರಲಿ. ಆ ವಾರ ಮಾರುಕಟ್ಟೆಯಲ್ಲಿ ಚೆನ್ನಾಗಿರುವುದನ್ನು ತನ್ನಿ ಎಂದು ಹೇಳಿ. ಆರು ತಿಂಗಳ ಹಿಂದೆ ಗೊತ್ತಾದ ಮದುವೆಗೂ ಈ ಕ್ರಮ ನಡೆಯುತ್ತದೆ, ಯಾಕೆಂದರೆ ದಿನಾಂಕ ಗೊತ್ತಿದ್ದರೆ ಋತುವೂ ಗೊತ್ತಿದ್ದಂತೆಯೇ.

ಹೀಗೆ ಋತುವಿನ ಹೂವನ್ನೇ ಆರಿಸಿದರೆ ಪಾಲಿಹೌಸಿನಲ್ಲಿ ಗುಲಾಬಿ, ಜರ್ಬೆರಾ ಬೆಳೆಯುವ ರೈತರ ಹೊಟ್ಟೆಗೆ ಪೆಟ್ಟಲ್ಲವೇ ಎಂದು ಕೇಳಿದರೆ, ಅದು ಹಗುರಾಗಿ ತಳ್ಳಿಹಾಕುವ ಮಾತಲ್ಲ. ಪುಣೆಯ ತಳೆಗಾಂವ್, ಮಾವಳದ ಕಡೆ ಎಷ್ಟೋ ಕುಟುಂಬಗಳು ಸಾಲ ತಂದು ಪಾಲಿಹೌಸ್ ಕಟ್ಟಿವೆ. ಅವರ ಗುಲಾಬಿಯೂ ಹತ್ತಿರದ ಹೂವೇ. ಬೆಳಗಿನ ಹಾರಕ್ಕೆ, ಎಸಳಿನ ತಟ್ಟೆಗೆ ಅದು ಇರಲಿ. ನನ್ನ ಅಡ್ಡಿ ವಿಮಾನದಲ್ಲಿ ಬಂದ ಪೆಟ್ಟಿಗೆಯ ಹೂವಿಗೆ ಮೊದಲ ಸ್ಥಾನ ಕೊಟ್ಟು ಊರಿನ ಹೂವನ್ನು ಮೂಲೆಗೆ ತಳ್ಳುವುದಕ್ಕೆ. ಪಾಲ್ಘರ್ ಜಿಲ್ಲೆಯ ಜವ್ಹಾರ್, ಮೊಖಾಡ, ವಿಕ್ರಮಗಡಗಳಲ್ಲಿ ಆದಿವಾಸಿ ರೈತರು ಮೊಗ್ರಾ ಬೆಳೆಯತೊಡಗಿದ್ದಾರೆ. ಮಳೆಗಾಲ ಮುಗಿದ ಮೇಲೆ ಕೂಲಿ ಹುಡುಕಿ ಊರು ಬಿಡಬೇಕಾಗಿದ್ದ ಮನೆಗಳಿಗೆ ಅದು ದಿನದಿನದ ಕಾಸು ತರುವ ಬೆಳೆ. ಶಂಕರಪುರದಲ್ಲೂ ಮನೆಯಂಗಳದ ಕೆಲವೇ ಸೆಂಟ್ಸ್ ಜಾಗದಲ್ಲಿ ಹೆಂಗಸರು ಬೆಳೆದ ಮಲ್ಲಿಗೆ ಮಕ್ಕಳ ಶಾಲೆಯ ಖರ್ಚಿಗೆ ಒದಗಿದೆ. ಗೋರೆಗಾಂವಿನ ಒಂದು ಮದುವೆಯ ಹೂವಿನ ಪಟ್ಟಿ ಇಂಥ ಮನೆಗಳ ಒಲೆಗೆ ನೇರವಾಗಿ ಸಂಬಂಧಪಟ್ಟದ್ದು.

ಮದುವೆಯಂತೆಯೇ ಸಭೆ ಸಮಾರಂಭಗಳು. ಗೋರೆಗಾಂವ್ ಕರ್ನಾಟಕ ಸಂಘವೂ ಸೇರಿದಂತೆ ಮುಂಬಯಿಯ ಕನ್ನಡ, ತುಳು ಸಂಸ್ಥೆಗಳಲ್ಲಿ ವರ್ಷವಿಡೀ ಸನ್ಮಾನ, ನಾಟಕ, ಯಕ್ಷಗಾನ, ವಾರ್ಷಿಕೋತ್ಸವಗಳು ನಡೆಯುತ್ತವೆ. ಅತಿಥಿಗಳಿಗೆ ಕೊಡುವ ಹೂಗುಚ್ಛ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ರಿಬ್ಬನ್ ಬಿಗಿದು ಬರುತ್ತದೆ; ಸಭೆ ಮುಗಿದಾಗ ಅದು ಕುರ್ಚಿಯ ಕೆಳಗೇ ಉಳಿಯುವುದು ಹೆಚ್ಚು. ಅದರ ಬದಲು ದವನದ ಎಸಳು ಸೇರಿಸಿದ ಒಂದು ಮೊಳ ಮಲ್ಲಿಗೆ, ಒಂದು ಸಂಪಿಗೆ ಕೈಗಿತ್ತರೆ ಅವರು ಮೂಸಿ ನೋಡುತ್ತಾರೆ, ಮನೆಗೂ ಒಯ್ಯುತ್ತಾರೆ. ವೇದಿಕೆಯ ದೀಪಗಳ ಬಿಸಿಗೆ ನವಿರಾದ ಹೂ ನಿಲ್ಲುವುದಿಲ್ಲ. ಅಲ್ಲಿ ಚೆಂಡುಹೂವಿನ ಮಾಲೆ, ಹಸಿರು ಗರಿ ಸಾಕು. ಲಿಲಿ ಬಳಸುವುದಾದರೆ ಅರಳಿದ ಕೂಡಲೇ ಅದರ ಕೇಸರದ ಪುಡಿಯ ತಲೆಗಳನ್ನು ತೆಗೆದುಬಿಡಿ. ಆ ಪುಡಿ ರೇಷ್ಮೆ ಸೀರೆಗೆ, ಬಿಳಿ ಅಂಗಿಗೆ ತಾಗಿದರೆ ಕಲೆ ಹೋಗುವುದು ಕಷ್ಟ.

ಕೊನೆಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆಯ ಫ್ಲ್ಯಾಟಿನಲ್ಲಿ ಹೂವಿಗೆ ಜಾಗವೆಲ್ಲಿ ಎನ್ನಬೇಡಿ. ಯುಗಾದಿಗೆ ಮಾವಿನೆಲೆ, ಬೇವಿನ ಹೂ. ಪಕ್ಕದ ಮರಾಠಿ ಮನೆಯಲ್ಲಿ ಅಂದು ಏರಿಸುವ ಗುಡಿಗೂ ಅದೇ ಬೇವು, ಅದೇ ಚೆಂಡುಹೂವಿನ ಮಾಲೆ. ಏಪ್ರಿಲ್ ನಡುವಿನಲ್ಲಿ ಬಿಸು ಕಣಿ ಇಡುವ ಕಾಸರಗೋಡಿನ ಕಡೆಯವರಿಗೆ ಒಂದು ಕಿರು ಗೊಂಚಲು ಕಕ್ಕೆ ಹೂ. ಉಳಿದ ದಿನಗಳಲ್ಲಿ ಅಗಲವಾದ ಹಿತ್ತಾಳೆಯ ಉರುಳಿಯಲ್ಲಿ ನೀರು ಹಾಕಿ ನಾಲ್ಕು ದೇವಗಣಗಿಲೆ, ಎರಡು ಸಂಪಿಗೆ ತೇಲಿಬಿಟ್ಟರೆ ಮನೆ ತುಂಬುತ್ತದೆ. ನೀರನ್ನು ದಿನವೂ ಬದಲಿಸಿ, ಪಾತ್ರೆಯನ್ನು ಉಜ್ಜಿ ತೊಳೆಯಿರಿ. ನಿಂತ ನೀರಿನಲ್ಲಿ ಡೆಂಗೀ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ದಂಟಿನ ಹೂವನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತು ನಿಲ್ಲಿಸಿ. ಇದು ಮಾವಿನ ಕಾಲವೂ ಹೌದಲ್ಲ! ಆಪೂಸಿನ ಪೆಟ್ಟಿಗೆಯ ಬಳಿ ಹೂವಿಡಬೇಡಿ. ಹಣ್ಣಾಗುವ ಮಾವು ಎಥಿಲೀನ್ ಅನಿಲವನ್ನು ಬಿಡುತ್ತದೆ. ಕಾರ್ನೇಶನ್‌ನಂಥ ಹೂ ಆ ಅನಿಲ ತಾಗಿದರೆ ಅವಧಿಗೆ ಮುಂಚೆಯೇ ಮುದುಡುತ್ತದೆ.

ಹೂವಿನ ಲೆಕ್ಕ ಮುಗಿಯುವುದು ಅದು ಮಣ್ಣು ಸೇರಿದಾಗ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ದೊಡ್ಡ ವಸತಿ ಸಂಕೀರ್ಣಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕೆಂದು ಮುಂಬಯಿ ಮಹಾನಗರಪಾಲಿಕೆ 2017ರ ಅಕ್ಟೋಬರಿನಲ್ಲೇ ಕಡ್ಡಾಯ ಮಾಡಿತು. ಬಾಳೆನಾರಿನಲ್ಲಿ ಕಟ್ಟಿದ ಮಾಲೆಯನ್ನು ಹಾಗೆಯೇ ಗುಂಡಿಗೆ ಹಾಕಬಹುದು. ನೈಲಾನ್ ದಾರ, ಜರಿ, ತಂತಿ, ಥರ್ಮೋಕೋಲ್ ಸೇರಿಕೊಂಡರೆ ಅದೇ ಹೂ ಕಸವಾಗುತ್ತದೆ. ಹಾಗಾಗಿ ದಾರ ಯಾವುದು ಎಂಬುದನ್ನೂ ಹೂವಿನ ಜೊತೆಯಲ್ಲೇ ತೀರ್ಮಾನಿಸಿ.

ಈ ವಸಂತದಲ್ಲಿ ಮಂಗಳ ಕಾರ್ಯ ಇಟ್ಟುಕೊಂಡಿರುವ ಗೋರೆಗಾಂವಿನ ಮನೆಯವರಲ್ಲಿ ನನ್ನ ವಿನಂತಿ ಒಂದೇ. ಚಿತ್ರ ತೋರಿಸುವ ಮೊದಲು ಹೂವಿನವರನ್ನು ಮೂರು ಪ್ರಶ್ನೆ ಕೇಳಿ: ಈ ಹೂ ಎಲ್ಲಿಂದ ಬರುತ್ತದೆ, ಯಾವಾಗ ಕೊಯ್ದದ್ದು, ನಮ್ಮ ಮುಹೂರ್ತದ ಹೊತ್ತಿಗೆ ಹೇಗಿರುತ್ತದೆ? ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕ ಹೂವನ್ನೇ ತೆಗೆದುಕೊಳ್ಳಿ. ಸಾಧ್ಯವಾದರೆ ದಾದರಿಗೊಮ್ಮೆ ನಸುಕಿನಲ್ಲಿ ಹೋಗಿ ನೀವೇ ನೋಡಿ ಆರಿಸಿ.